ಕಿವಿಯಣ್ಣನ ಫೋಟೋ

ಇಪ್ಪತ್ತೆರಡು ವರ್ಷ ಜನರಿಗೆ "ಗದ್ದ ಸ್ವಲ್ಪ ಮೇಲೆ, ಕಣ್ಣು ಇಲ್ಲಿ, ಅಲ್ಲಾಡಬೇಡಿ" ಅಂತ ಹೇಳಿ ಹೇಳಿ ನಮ್ಮ ಸ್ಟುಡಿಯೋದವಳ ಬಾಯಿ ಸವೆದುಹೋಗಿತ್ತು. ಪಾಸ್‌ಪೋರ್ಟ್ ಸೈಜು, ಸ್ಟಾಂಪ್ ಸೈಜು, ಹೊಸ ಜೋಡಿ, ಅಳುವ ಕೂಸು, ಇಷ್ಟೇ ಅವಳ ಪ್ರಪಂಚ. ಅಂಥವಳಿಗೆ ನೀರು ಸರಬರಾಜು ಕಚೇರಿಯ ದೊಡ್ಡ ಸಾಹೇಬರು ಹೇಳಿಕಳಿಸಿದರು. ಹೊಸ ಕಟ್ಟಡ ಎದ್ದಿದೆ, ಅದರ ಹಾಲ್‌ನ ಗೋಡೆಗೆ ತಮ್ಮ ಕೆಲಸಗಾರರ ಹದಿನೈದು ಫೋಟೋ ಬೇಕು, ಕೆಲಸ ಮಾಡುವಾಗಲೇ ತೆಗೆಯಬೇಕು, ಒಂದು ತಿಂಗಳು ಟೈಮು.

"ಯಾರೂ ಹಲ್ಲು ಕಿರಿಯೋದು ಬೇಡ," ಅಂದರು ಸಾಹೇಬರು. "ನಾನೂ ಪೈಪಿನ ಗುಂಡಿಯಿಂದಲೇ ಮೇಲೆ ಬಂದವನು. ಸುಳ್ಳು ಫೋಟೋ ಆದ್ರೆ ಒಂದೇ ನೋಟಕ್ಕೆ ಗೊತ್ತಾಗುತ್ತೆ ನಂಗೆ."

ಮೊದಲ ನಾಲ್ಕು ದಿನ ತೆಗೆದದ್ದೆಲ್ಲ ದಂಡ. ಅವಳು ಕ್ಯಾಮೆರಾ ಎತ್ತಿದರೆ ಸಾಕು, ಮೀಟರ್ ಓದುವವನು ಬಾವುಟದ ಮುಂದೆ ನಿಂತಂತೆ ಸೆಟೆದು ನಿಲ್ಲುತ್ತಿದ್ದ. ವೆಲ್ಡಿಂಗ್ ಮಾಡುವವನು ಮುಖದ ಕವಚ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ. ಐದನೇ ದಿನ ಅವಳಿಗೆ ಬುದ್ಧಿ ಬಂತು. ಬಾಯಿ ಮುಚ್ಚಿಕೊಂಡು ಫುಟ್‌ಪಾತಿನ ಮೇಲೆ ಕೂತಳು. ಎರಡು ಗಂಟೆ ಕಳೆಯುವಷ್ಟರಲ್ಲಿ ಅಲ್ಲಿ ಅವಳೊಬ್ಬಳು ಇದ್ದಾಳೆ ಅನ್ನೋದೇ ಎಲ್ಲರಿಗೂ ಮರೆತುಹೋಯಿತು.

ಆಗ ನೋಡಿ ಮಜಾ! ಬೀದಿಗೆ ನೀರು ಬಿಡುವ ವಾಲ್ವ್‌ನವನು ಆಳುದ್ದದ ಕಬ್ಬಿಣದ ಕೀಲಿಯನ್ನು ರಸ್ತೆಯ ಗುಂಡಿಗೆ ಇಳಿಸಿ, ಅದರ ಸುತ್ತ ತಾನೇ ತಿರುಗುತ್ತ, ಸುತ್ತು ಎಣಿಸುತ್ತಾನೆ. ನಲವತ್ತೆರಡಕ್ಕೆ ಸರಿಯಾಗಿ ನಿಲ್ಲಬೇಕು. ನಡುವೆ ಯಾರಾದರೂ ಮಾತಾಡಿಸಿದರೋ, ಎಣಿಕೆ ತಪ್ಪದ ಹಾಗೆ ಬೈಯುತ್ತಾನೆ: "ಇಪ್ಪತ್ತೇಳು, ನಿನ್ ಮುಖಕ್ಕಿಷ್ಟು, ಇಪ್ಪತ್ತೆಂಟು." ಅಗೆಯುವ ತಂಡದ ಹಿರಿಯಳನ್ನು ಎಲ್ಲರೂ ಹಾರೆಯಕ್ಕ ಅನ್ನುತ್ತಿದ್ದರು. ಕರೆಂಟಿನ ಕೇಬಲ್ಲು, ಟೆಲಿಫೋನಿನ ತಂತಿ, ಹಳೇ ಚರಂಡಿ ಎಲ್ಲ ಗೋಜಲಾಗಿ ಬಿದ್ದಿರುವ ನೆಲದೊಳಗೆ ಹಾರೆ ಇಳಿಸಿ, ಒಂದಕ್ಕೂ ಗೀರು ತಾಗದಂತೆ ಪೈಪನ್ನು ಬಿಡಿಸಿ ತೋರಿಸುವ ಹೆಂಗಸು. ಹಾಲು ಕುಡಿಯುವ ಮಗುವಿನ ಬಾಯಿ ಒರೆಸುವಷ್ಟು ಮೆತ್ತಗೆ ಮಣ್ಣು ಸರಿಸುತ್ತಿದ್ದಳು. ಇಷ್ಟು ದಿನ ಇವರ ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ಓಡಾಡಿದೆನಲ್ಲ ಅಂತ ಸ್ಟುಡಿಯೋದವಳಿಗೆ ನಾಚಿಕೆಯಾಯಿತು.

ಆದರೆ ಅವಳು ಕಣ್ಣುಬಾಯಿ ಬಿಡುವಂತೆ ಮಾಡಿದವನು ಕಿವಿಯಣ್ಣ.

ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಅಂತ ಕೇಳಿ ಹೇಳುವುದು ಅವನ ಕೆಲಸ. ವಾಹನದ ಗದ್ದಲ ಶುರುವಾಗುವ ಮೊದಲು, ಬೆಳಗ್ಗೆ ಐದೂವರೆಗೇ ಬರುತ್ತಿದ್ದ. ಎದೆಮಟ್ಟದ ಕಬ್ಬಿಣದ ರಾಡು, ಮೇಲ್ತುದಿಗೆ ದುಂಡನೆಯ ಮರದ ಗುಬುಟು. ರಾಡನ್ನು ರಸ್ತೆಗೆ ಊರಿ, ಗುಬುಟಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎರಡು ಹೆಜ್ಜೆ ಆಚೆ, ಮತ್ತೆ ನಿಲ್ಲುತ್ತಿದ್ದ. ಒಂದು ಹೆಜ್ಜೆ ಈಚೆ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ರಸ್ತೆಯ ಮೇಲೆ ಒಂದು ಗೀಟು. ಅಲ್ಲಿ ಅಗೆದರೆ ನೀರು ಚಿಮ್ಮಲೇಬೇಕು. ಸ್ಟುಡಿಯೋದವಳು ಅವನೊಬ್ಬನದೇ ಮುನ್ನೂರು ಫೋಟೋ ತೆಗೆದಳು. ಅದರಲ್ಲೊಂದು, ಆಹಾ! ಖಾಲಿ ರಸ್ತೆ, ಓರೆ ಬಿಸಿಲು, ಮುಚ್ಚಿದ ಕಣ್ಣು, ಊರಿಗೆ ಊರೇ ಉಸಿರು ಬಿಗಿಹಿಡಿದ ಹಾಗಿತ್ತು. ತನ್ನ ಜನ್ಮದಲ್ಲಿ ಇಂಥ ಫೋಟೋ ತೆಗೆದಿಲ್ಲ ಅಂತ ಅವಳಿಗೇ ಗೊತ್ತಾಯಿತು.

ಮನೆಗೆ ಬಂದವಳೇ ಕಂಪ್ಯೂಟರಿನಲ್ಲಿ ಹಾಕಿ ಅತ್ತೆಗೆ ತೋರಿಸಿದಳು. ಅತ್ತೆಗೆ ಎಂಬತ್ತು. ಆದರೆ ಕಣ್ಣು ಹದ್ದಿನದು, ನಾಲಿಗೆ ಕೇಳಲೇಬೇಡಿ.

"ಏನೇ ಇದು, ಕಿವಿಗಿಡೋದು ಬಿಟ್ಟು ದವಡೆಗಿಟ್ಕೊಂಡಿದ್ದಾನಲ್ಲೇ?"

ಸ್ಟುಡಿಯೋದವಳು ಚಿತ್ರ ದೊಡ್ಡದು ಮಾಡಿದಳು. ಹೌದು! ಗುಬುಟು ಕಿವಿಯ ಮೇಲಿರಲಿಲ್ಲ. ಕಿವಿಯ ಮುಂದಿನ ಮೂಳೆಗೆ ಒತ್ತಿತ್ತು, ಹಲ್ಲು ಕಚ್ಚಿಹಿಡಿದಿದ್ದ. ಮುನ್ನೂರರಲ್ಲೂ ಹಾಗೇ.

"ಉಳಿದದ್ದೂ ತೋರ್ಸು," ಅಂದರು ಅತ್ತೆ. ಒಂದೊಂದೇ ನೋಡುತ್ತ ಅವರ ದನಿ ಇಳಿಯಿತು. "ಯಾರು ಮಾತಾಡಿದ್ರೂ ಇವನು ಕಣ್ಣು ನೋಡಲ್ಲ ನೋಡು, ತುಟಿ ನೋಡ್ತಾನೆ. ನಿಮ್ಮ ಮಾವನೂ ಕೊನೇ ಐದು ವರ್ಷ ಹೀಗೇ ನನ್ ತುಟಿ ನೋಡ್ತಿದ್ರು. ಕಿವಿ ಹೋಗಿದೆ ಕಣೇ ಇವನದು."

ಕಿವಿಯಣ್ಣನಿಗೇ ಕಿವಿ ಇಲ್ಲ ಅಂದರೆ!

ಮಾರನೇ ದಿನ ಸಂಜೆ ಅವನೇ ಸ್ಟುಡಿಯೋಗೆ ಬಂದ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಪಾಸ್‌ಪೋರ್ಟ್ ಫೋಟೋಗೆ ಬಂದವನ ಹಾಗೆ ಸ್ಟೂಲಿನ ತುದಿಯಲ್ಲಿ ಕೂತ.

"ತಾಯಿ, ನಾನು ರಾಡ್ ಹಿಡ್ಕೊಂಡಿರೋ ಫೋಟೋ ಗೋಡೆಗೆ ಹಾಕ್ಬೇಡಿ."

"ಗೊತ್ತಾಯ್ತು ಅಣ್ಣ," ಅಂದಳು, ನಿಧಾನಕ್ಕೆ, ಬಾಯಿ ಬಿಡಿಸಿ.

ಅವನು ಒಂದು ಗಳಿಗೆ ಅವಳ ತುಟಿಯನ್ನೇ ನೋಡಿ ನಕ್ಕ. "ನೋಡಿದ್ರಾ! ನೀವು ನಿನ್ನೆ ಮೊನ್ನೆ ಬಂದೋರು, ನಿಮಗೇ ಗೊತ್ತಾಯ್ತು. ದೊಡ್ಡ ಸಾಹೇಬ್ರು ಇದೇ ರಾಡ್ ಹಿಡಿದು ಕೆಲಸ ಕಲಿತವರು. ನೋಡಿದ ತಕ್ಷಣ ಹಿಡಿದುಬಿಡ್ತಾರೆ. ಮೂರು ವರ್ಷ ಆಯ್ತು ಕಿವಿ ಮುಚ್ಚಿಕೊಂಡು. ಆದ್ರೆ ಮೂಳೇಲಿ ಕೇಳ್ಸುತ್ತೆ ತಾಯಿ, ಮೊದಲಿಗಿಂತ ಚೆನ್ನಾಗಿ ಕೇಳ್ಸುತ್ತೆ, ಊರಿನ ಗದ್ದಲ ಅಡ್ಡ ಬರಲ್ಲ. ಅದನ್ನ ಯಾರು ನಂಬ್ತಾರೆ? ಡಾಕ್ಟರ್ ಚೀಟಿ ನೋಡಿ ಗೇಟಿಗೆ ಹಾಕ್ತಾರೆ. ರಿಟೈರಾಗೋಕೆ ಎರಡು ವರ್ಷ ಇದೆ. ಎರಡು ವರ್ಷ ಸ್ಟೂಲ್ ಮೇಲೆ ಕೂತು ಒಳಗೆ ಬರೋ ಗಾಡಿ ನಂಬರ್ ಬರ್ಕೊಂಡಿದ್ರೆ ನಾನು ಉಳಿಯಲ್ಲ."

ಅವಳು ಮಾತು ಕೊಟ್ಟಳು. ಕೊಡದೇ ಏನು ಮಾಡುತ್ತಾಳೆ? ಅವನು ಹೋದ ಮೇಲೆ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಹಾಕುವವುಗಳ ಸಾಲಿನಿಂದ ಅದನ್ನು ತೆಗೆದಿಟ್ಟಳು.

ಇನ್ನೂ ಇದೆ ಕೇಳಿ. ಎರಡು ದಿನ ಬಿಟ್ಟು ಹಾರೆಯಕ್ಕ ಅವಳನ್ನು ಜೀಪಿನ ಹಿಂದಕ್ಕೆ ಎಳೆದುಕೊಂಡು ಹೋದಳು. "ಮೇಡಂ, ನಾವು ಕಾಲು ಕುಟ್ಟೋದು ಫೋಟೋದಲ್ಲಿ ಬಂದಿಲ್ಲ ತಾನೇ?"

"ಯಾವ ಕಾಲು?"

"ಅಯ್ಯೋ, ನಮ್ಮ ಕಿವಿಯಣ್ಣಂಗೆ ಕಿವಿ ಕೇಳ್ಸಲ್ಲ. ಹಿಂದಿಂದ ಲಾರಿ ಬಂದ್ರೆ ಎರಡು ಸಲ ನೆಲಕ್ಕೆ ಕುಟ್ತೀವಿ, ಅವನಿಗೆ ಗೊತ್ತಾಗುತ್ತೆ. ಮಾತಾಡೋದಿದ್ರೆ ಎದುರಿಗೇ ಹೋಗಿ ನಿಲ್ತೀವಿ. ನಮಗೆ ಗೊತ್ತು ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾದ್ರೆ ನೊಂದ್ಕೋತಾನೆ. ಯಾರ ಹತ್ರನೂ ಬಾಯಿ ಬಿಡಬೇಡಿ, ನಿಮ್ಮ ದಮ್ಮಯ್ಯ."

ಸ್ಟುಡಿಯೋದವಳು ಮನೆಗೆ ಬಂದು ಫೋಟೋಗಳನ್ನು ಮತ್ತೆ ತೆಗೆದು ನೋಡಿದಳು. ಇದ್ದವು, ಎಲ್ಲ ಇದ್ದವು. ಎತ್ತಿದ ಬೂಟು, ಕೀಲಿ ಬಿಟ್ಟು ಓಡಿಬಂದು ಅವನೆದುರು ನಿಂತ ವಾಲ್ವ್‌ನವನು, ಅವನ ಬೆನ್ನಿಗೂ ರಸ್ತೆಗೂ ನಡುವೆ ಯಾವಾಗಲೂ ಯಾರಾದರೊಬ್ಬರು. ಮೂರು ವರ್ಷ! ಸ್ವಂತ ಅಣ್ಣತಮ್ಮಂದಿರು ಮೂರು ದಿನ ಹೀಗೆ ನೋಡಿಕೊಳ್ಳುವುದಿಲ್ಲ. ಅವಳು ಕೂತಲ್ಲೇ ಅತ್ತುಬಿಟ್ಟಳು. ಅತ್ತೆ ಏನೂ ಕೇಳದೆ ಒಂದು ಲೋಟ ನೀರು ತಂದಿಟ್ಟರು.

ಹಾಲ್ ತೆರೆಯುವ ದಿನ ಬಂತು. ಮುಖ ಕಾಣುವಂಥ ನುಣ್ಣನೆ ನೆಲ, ಹೊಸ ಬಣ್ಣದ ವಾಸನೆ. ತೊಳೆದ ಬಟ್ಟೆ ಹಾಕಿಕೊಂಡ ಕೆಲಸಗಾರರೆಲ್ಲ ತಮ್ಮ ತಮ್ಮ ಫೋಟೋ ಮುಂದೆ ನಿಂತು ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ಹಾರೆಯಕ್ಕ ತನ್ನ ಫೋಟೋ ನೋಡಿ "ಅವ್ವಾ, ನನ್ ಕೈ ಇಷ್ಟು ಚೆಂದ ಇದ್ಯಾ?" ಅಂದಳು. ಸಾಹೇಬರು ಒಂದೊಂದನ್ನೂ ನೋಡಿ ತಲೆದೂಗುತ್ತ ಹದಿನೈದನೆಯದರ ಮುಂದೆ ನಿಂತರು. ಸೀಮೆಸುಣ್ಣ ಹಿಡಿದ ಒಂದು ಕೈ, ರಸ್ತೆಯ ಮೇಲೊಂದು ಗೀಟು, ಅಷ್ಟೇ.

"ಇದ್ಯಾರು?"

"ಕಿವಿಯಣ್ಣ ಸಾರ್."

"ಅವನು ಕೇಳೋದು ಕೈಯಲ್ಲಾ? ರಾಡ್ ಹಿಡಿದದ್ದೆಲ್ಲಿ?"

"ಅದು ಸರಿ ಬರ್ಲಿಲ್ಲ ಸಾರ್. ನನ್ ಕೈ ಅಲ್ಲಾಡಿಬಿಡ್ತು."

ಜಿಲ್ಲಾ ಕಚೇರಿಯವರು, ಪತ್ರಿಕೆಯವರು, ಎಲ್ಲರೂ ಇದ್ದರು. ಸಾಹೇಬರ ಮುಖ ಕೆಂಪಾಯಿತು. "ಒಂದು ತಿಂಗಳು ಟೈಮ್ ಕೊಟ್ಟೆ! ಇಡೀ ಹಾಲ್‌ನಲ್ಲಿ ನಂಗೆ ಬೇಕಾಗಿದ್ದದ್ದೇ ಆ ಒಂದು ಫೋಟೋ. ಪಾಸ್‌ಪೋರ್ಟ್ ಫೋಟೋದವರನ್ನ ಕರ್ಸಿದ್ದು ನನ್ದೇ ತಪ್ಪು."

ಅವಳು ತಲೆ ತಗ್ಗಿಸಿದಳು.

ಎದುರಿಗೇ ನಿಂತಿದ್ದ ಕಿವಿಯಣ್ಣ ಇಬ್ಬರ ತುಟಿಯನ್ನೂ ಪೂರ್ತಿ ಓದಿಕೊಂಡಿದ್ದ. ಗುಂಪು ಸರಿಸಿಕೊಂಡು ಮುಂದೆ ಬಂದ.

"ಆಯಮ್ಮನ್ನ ಬೈಬೇಡಿ ಸಾಹೇಬ್ರೇ. ಅವರ ಕೈ ಅಲ್ಲಾಡಲಿಲ್ಲ. ಫೋಟೋ ಬಂಗಾರದ ಹಾಗೆ ಬಂದಿದೆ. ನಾನೇ ಹಾಕ್ಬೇಡಿ ಅಂದೆ. ನಂಗೆ ಕಿವಿ ಕೇಳ್ಸಲ್ಲ. ಮೂರು ವರ್ಷ ಆಯ್ತು."

ಹಾರೆಯಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಹೇಬರು ಅವನ ಕಡೆ ತಿರುಗಿದರು.

"ಮತ್ತೆ ಕೆಲಸ ಹೇಗೆ ಮಾಡ್ತಿದ್ದೀಯಾ?"

"ತೋರಿಸ್ಲಾ?"

ಮೂಲೆಯಲ್ಲಿ ಪ್ರದರ್ಶನಕ್ಕೆಂದು ಇಟ್ಟಿದ್ದ ತನ್ನದೇ ರಾಡನ್ನು ಎತ್ತಿಕೊಂಡು ಬಂದು ನುಣ್ಣನೆಯ ನೆಲಕ್ಕೆ ಊರಿದ. ದವಡೆಗೆ ಗುಬುಟು ಒತ್ತಿದ. ಆಮೇಲೆ ಕಣ್ಣು ಮುಚ್ಚುವ ಮೊದಲು ಹಾರೆಯಕ್ಕನ ಕಡೆ ತಿರುಗಿದ.

"ನೀನು ಮಾತ್ರ ಕಾಲು ಕುಟ್ಬೇಡ ತಾಯಿ. ಮೂರು ವರ್ಷದಿಂದ ನೀನು ಕುಟ್ಟೋ ಕುಟ್ಟಿಗೆ ನನ್ನ ಹಲ್ಲೆಲ್ಲ ಸಡಿಲ ಆಗಿದೆ."

ಹಾರೆಯಕ್ಕ ಬಿಟ್ಟ ಬಾಯಿ ಬಿಟ್ಟಂತೆ ನಿಂತಳು. "ನಿಂಗೆ ಗೊತ್ತಿತ್ತಾ?"

"ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ."

ವಾಲ್ವ್‌ನವನು ಮುಖ ಆಚೆ ತಿರುಗಿಸಿಕೊಂಡ. ಕಿವಿಯಣ್ಣ ಕಣ್ಣು ಮುಚ್ಚಿದ. ಸುಮ್ಮನೆ ತೋರಿಸಲು ನಿಂತವನು, ಹುಬ್ಬು ಗಂಟಿಕ್ಕಿದ. ರಾಡು ಎತ್ತಿ ಎರಡು ಹೆಜ್ಜೆ ಆಚೆ ಊರಿದ. ಒಂದು ಹೆಜ್ಜೆ ಈಚೆ. ಅವನ ತಂಡಕ್ಕೆ ಆ ನಡಿಗೆ ಗೊತ್ತು. ಎಲ್ಲರೂ ಉಸಿರು ಬಿಗಿಹಿಡಿದರು. ಅವನು ಬಗ್ಗಿ, ಜೇಬಿಗೆ ಕೈ ಹಾಕಿ, ಫಳಫಳ ಹೊಳೆಯುವ ನೆಲದ ನಟ್ಟನಡುವೆ ಬಿಳೀ ಗೀಟು ಎಳೆದ.

"ಇಲ್ಲಿ ಸೋರ್ತಿದೆ," ಅಂದ.

ಜೂನಿಯರ್ ಇಂಜಿನಿಯರ್ ಹೌಹಾರಿದ. "ಏನ್ ಮಾತು! ಪೈಪ್ ಹಾಕಿ ಎರಡು ತಿಂಗಳಾಗಿಲ್ಲ!"

ಸಾಹೇಬರು ಅವನಿಗೆ ಒಂದೇ ಮಾತು ಹೇಳಿದರು: "ನಲ್ಲಿ ಎಲ್ಲ ಮುಚ್ಸಿ ಮೀಟರ್ ನೋಡ್ಕೊಂಡು ಬಾ." ಅವನು ಓಡಿದ. ಹತ್ತು ನಿಮಿಷಕ್ಕೆ ವಾಪಸ್ ಬಂದಾಗ ಮುಖ ಸುಣ್ಣ ಬಳಿದಂತಿತ್ತು. ಕಟ್ಟಡದ ಒಂದೊಂದು ನಲ್ಲಿಯನ್ನೂ ಮುಚ್ಚಿಸಿದ್ದ. ಮೀಟರಿನ ಮುಳ್ಳು ಮಾತ್ರ ತಿರುಗುತ್ತಲೇ ಇತ್ತಂತೆ.

ಸಾಹೇಬರು ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ ಕೂತು ರಾಡಿಗೆ ಕೈ ಚಾಚಿದರು. ಕಿವಿಗೆ ಇಟ್ಟುಕೊಂಡರು, ತಲೆ ಅಲ್ಲಾಡಿಸಿದರು. ಕಿವಿಯಣ್ಣ ಮೆಲ್ಲಗೆ ಗುಬುಟನ್ನು ಅವರ ದವಡೆಗೆ ಸರಿಸಿ, "ಹಲ್ಲು ಕಚ್ಚಿ," ಅಂದ. ಸಾಹೇಬರು ಹಲ್ಲು ಕಚ್ಚಿದರು. ನಿಧಾನಕ್ಕೆ ಅವರ ಕಣ್ಣು ಅರಳಿತು. ಸ್ಟುಡಿಯೋದವಳು ಎರಡು ಕಣ್ಣೂ ತುಂಬಿಕೊಂಡೇ ಕ್ಯಾಮೆರಾ ಎತ್ತಿದಳು.

ಅಷ್ಟರಲ್ಲಿ ಹಾರೆಯಕ್ಕ ಹೊರಗೆ ಜೀಪಿಗೆ ಹೋಗಿ ಹಾರೆ ಹೊತ್ತುಕೊಂಡು ಬಂದಿದ್ದಳು. ಕನ್ನಡಿಯಂಥ ಹೊಸ ನೆಲ ನೋಡಿ ಅವಳಿಗೂ ಕೈ ಬರಲಿಲ್ಲ.

"ಸಾಹೇಬ್ರೇ, ನಿಜವಾಗ್ಲೂ ಅಗೀಲಾ? ಎಲ್ಲಿ ಅಗೀಲಿ?"

ಸಾಹೇಬರು ಮಂಡಿ ಒರೆಸಿಕೊಂಡು ಎದ್ದರು. ಉತ್ತರ ಅವಳಿಗಾದರೂ, ತಿರುಗಿ ನಿಂತದ್ದು ಕಿವಿಯಣ್ಣನ ಎದುರಿಗೆ, ತಮ್ಮ ತುಟಿ ಅವನಿಗೆ ಚೆನ್ನಾಗಿ ಕಾಣುವ ಹಾಗೆ.

"ನನ್ನನ್ಯಾಕೆ ಕೇಳ್ತೀಯಾ? ಇವತ್ತೂ ಅಷ್ಟೇ, ಇನ್ನು ಎರಡು ವರ್ಷನೂ ಅಷ್ಟೇ. ಅವನು ಎಲ್ಲಿ ಗೀಟು ಹಾಕ್ತಾನೋ ಅಲ್ಲಿ ಅಗಿ."