ಮೂರು ದಾಟಿದ ಮುಳ್ಳು

ನಾನು ಒಂದು ಮೀಟರು. ಮನೆಗೋಡೆಯ ಕರೆಂಟು ಮೀಟರಲ್ಲ, ಆಟೋರಿಕ್ಷಾದ ಮೀಟರೂ ಅಲ್ಲ. ಅವುಗಳನ್ನು ಜನ ಬೈಯುತ್ತಲಾದರೂ ನಂಬುತ್ತಾರೆ. ಜೀಪುಗಳಲ್ಲಿ ಒಬ್ಬರಿಗೊಬ್ಬರು ಮಾತಾಡಲು ಇಟ್ಟುಕೊಳ್ಳುವ ಸಿ.ಬಿ. ರೇಡಿಯೋಗೂ ಅದರ ಆಂಟೆನಾಗೂ ನಡುವೆ ನನ್ನನ್ನು ಸಿಕ್ಕಿಸುತ್ತಾರೆ. ಆಡಿದ ಮಾತಿನಲ್ಲಿ ಎಷ್ಟು ಆಂಟೆನಾ ದಾಟಿ ಹೊರಗೆ ಹೋಯಿತು, ಎಷ್ಟು ಹೋಗಲಾರದೆ ಹಿಂದಕ್ಕೆ ಬಂತು ಎಂಬುದನ್ನು ನನ್ನ ಮುಳ್ಳು ತೋರಿಸುತ್ತದೆ. ಒಂದರ ಹತ್ತಿರ ನಿಂತರೆ ಮಾತೆಲ್ಲ ಹೊರಟಿತು. ಎರಡಾದರೆ ಸ್ವಲ್ಪ ನೋಡಿಕೊಳ್ಳಬೇಕು. ಮೂರು ದಾಟಿದರೆ ಆಡಿದವನ ಮಾತು ಆಡಿದವನಿಗೇ ವಾಪಸು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ನನಗೆ ಮುಳ್ಳು ಕೂರಿಸಿ, ಉಗುರಿನಿಂದ ಗಾಜನ್ನು ಎರಡು ಸಲ ತಟ್ಟಿದಳು. ಮುಳ್ಳು ನಡುಗಿ ಸೊನ್ನೆಗೆ ಬಂತು. ನನ್ನ ವಿದ್ಯಾಭ್ಯಾಸ ಅಷ್ಟೇ.

ಮೊದಲ ಯಜಮಾನ ಕೊಡಗಿನ ಪೊನ್ನಪ್ಪ. ಭಾನುವಾರ ಬಂದರೆ ಜೀಪನ್ನು ಕೆಸರಿಗೆ ಇಳಿಸಿ, ಸೋಮವಾರದವರೆಗೆ ಮೇಲೆತ್ತುವುದು ಅವರ ಆಟ. ಆಂಟೆನಾ ಹೊಂದಿಸಲು ಜೀಪನ್ನು ಶಾಲೆಯ ಆಟದ ಮೈದಾನದ ನಟ್ಟನಡುವೆ ನಿಲ್ಲಿಸುತ್ತಿದ್ದರು. ಬಾಗಿಲು ಮುಚ್ಚಬೇಕು, ಯಾರೂ ಹತ್ತಿರ ಸುಳಿಯಬಾರದು. ಒಂದನೇ ಚಾನೆಲ್‌ನಲ್ಲಿ ಒಂದು ಸಲ, ನಲವತ್ತನೆಯದರಲ್ಲಿ ಒಂದು ಸಲ ನನ್ನನ್ನು ನೋಡುವುದು. ನಲವತ್ತರಲ್ಲಿ ಮುಳ್ಳು ಹೆಚ್ಚು ಏರಿದರೆ ಆಂಟೆನಾದ ಕಡ್ಡಿ ಉದ್ದವಾಯಿತು, ಒಂದರಲ್ಲಿ ಏರಿದರೆ ಗಿಡ್ಡವಾಯಿತು. ತುದಿಯ ತಿರುಪು ಸಡಿಲಿಸಿ ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುವುದು. ಹೀಗೆ ಅರ್ಧ ದಿನ ತಪಸ್ಸು ಮಾಡಿ ಸಿದ್ಧಗೊಳಿಸಿದ ಆಂಟೆನಾದಲ್ಲಿ ಅವರು ಕಾಡಿನೊಳಗಿಂದ ಕೇಳುತ್ತಿದ್ದುದು, ಹಂದಿಮಾಂಸದ ಡಬ್ಬಿ ಯಾರ ಜೀಪಿನಲ್ಲಿದೆ ಎಂದು.

ಕಡ್ಡಿ ಒಂದು ಸಲ ಸರಿಯಾಗಿ ಕೂತರೆ ನನ್ನ ಕೆಲಸ ಮುಗಿಯಿತು. ಆದ್ದರಿಂದ ನನ್ನಂಥವರನ್ನು ಯಾರೂ ಕೊಳ್ಳುವುದಿಲ್ಲ, ಎರವಲು ಒಯ್ಯುತ್ತಾರೆ. ಪೊನ್ನಪ್ಪನವರಿಂದ ಹಾಸನದ ವಕೀಲರೊಬ್ಬರು ಎರಡು ದಿನಕ್ಕೆಂದು ಒಯ್ದು ಎರಡು ವರ್ಷ ಇಟ್ಟುಕೊಂಡರು. ಅವರಿಂದ ಅವರ ಭಾವಮೈದ, ಭಾವಮೈದನಿಂದ ಇನ್ನಾರೋ. ಕೊನೆಗೆ ಚಿತ್ರದುರ್ಗದ ಕಡೆಯ ಒಂದು ಸಣ್ಣ ಊರಿನಲ್ಲಿ, ರೇಡಿಯೋ ರಿಪೇರಿ ಮಾಡುವ ಗೌಸ್ ಎಂಬವರ ಮೇಜಿಗೆ ಬಂದೆ. ಅರವತ್ತು ದಾಟಿದ ಮನುಷ್ಯ. ಗಿರಾಕಿಗಿಂತ ಹೆಚ್ಚು ನನ್ನ ಮುಖ ನೋಡಿ ಮಾತಾಡುತ್ತಿದ್ದರು.

ಊರಿನ ಹಿಂದೆ ಗಾಳಿಮರಡಿ ಎಂಬ ಬೋಳು ಗುಡ್ಡ. ನೆತ್ತಿಯ ಮೇಲೂ ಇಳಿಯುವ ದಾರಿಯ ಪಕ್ಕದಲ್ಲೂ ಸಾಲಾಗಿ ಗಾಳಿಯಂತ್ರದ ಕಂಬಗಳು, ಪ್ರತಿಯೊಂದಕ್ಕೂ ದೊಡ್ಡ ಅಕ್ಷರದಲ್ಲಿ ನಂಬರು. ಯಂತ್ರ ನೋಡಿಕೊಳ್ಳುವ ಕೆಲಸಗಾರರನ್ನೂ ಸಾಮಾನುಗಳನ್ನೂ ಜೀಪುಗಳೇ ಹತ್ತಿಸಿ ಇಳಿಸಬೇಕು. ಮೊಬೈಲು ಅಲ್ಲಿ ಗಡಿಯಾರವಾಗಿ ಮಾತ್ರ ಕೆಲಸ ಮಾಡುತ್ತದೆ. ಗುಡ್ಡದ ನಡುಭಾಗದಲ್ಲಿ ಒಂದೂವರೆ ಮೈಲಿ ದಾರಿ ಒಂದೇ ಜೀಪಿಗೆ ಸಾಲುವಷ್ಟು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅದಕ್ಕೆ ಒಂಟಿದಾರಿ ಎಂದು ಹೆಸರು. ಅದರ ನಡುವೆ ಒಂದು ಇಳಿಜಾರು ಹಾಸುಬಂಡೆ. ಸಣ್ಣ ಜಲ್ಲಿ ಹರಡಿದ ಆ ಬಂಡೆಗೆ ಮೇಲಿಂದ ನಾಲ್ಕೂ ಚಕ್ರ ಇಳಿಸಿದ ಜೀಪು ಬುಡದ ತಿರುವು ದಾಟಿಯೇ ನಿಲ್ಲಬೇಕು, ನಡುವೆ ಬ್ರೇಕು ಹಿಡಿಯುವುದಿಲ್ಲ.

ಚಾಲಕರೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡಿದ್ದರು. ಒಂಟಿದಾರಿಗೆ ಚಕ್ರ ಇಡುವ ಮೊದಲು ರೇಡಿಯೋದಲ್ಲಿ ಕೂಗಬೇಕು. ಒಳಗೆ ಯಾರಾದರೂ ಇದ್ದರೆ ಉತ್ತರ ಕೊಡುತ್ತಾರೆ. ಉತ್ತರ ಬರದಿದ್ದರೆ ದಾರಿ ಖಾಲಿ. ಹನ್ನೊಂದು ವರ್ಷ ಈ ನಿಯಮ ಯಾರ ಕೂದಲನ್ನೂ ಕೊಂಕಿಸಿರಲಿಲ್ಲ. ಅದರೊಳಗಿನ ತೂತು ನನಗೆ ಕಾಣುತ್ತಿತ್ತು, ಆದರೆ ನನಗೆ ಬಾಯಿಲ್ಲ. ಇರುವುದು ಒಂದು ಮುಳ್ಳು.

ಪಾಲಯ್ಯ ಈ ಚಾಲಕರಲ್ಲಿ ಹಿರಿಯ. ಅವನ ಮಗಳು ನೇತ್ರಾ ಎರಡನೇ ಜೀಪು ಓಡಿಸುತ್ತಿದ್ದಳು. ಕಲಿಸಿದವನು ಅವನೇ, ಅವಳು ತನಗಿಂತ ಚೆನ್ನಾಗಿ ಓಡಿಸುತ್ತಾಳೆ ಎಂದು ಅವಳಿಲ್ಲದ ಕಡೆ ಮಾತ್ರ ಹೇಳುತ್ತಿದ್ದ. ತನ್ನ ಹಳೆಯ ಜೀಪಿಗೆ ಆ ವರ್ಷ ದಾವಣಗೆರೆಯಲ್ಲಿ ಕನಕಾಂಬರದ ಬಣ್ಣ ಹೊಡೆಸಿಕೊಂಡು ಬಂದ. ಮೂರು ಕೋಟು. ಬಣ್ಣದವನು ಎಂಥ ಶ್ರದ್ಧಾವಂತನೆಂದರೆ, ಮುಂದಿನ ಮಡ್ಗಾರ್ಡಿನ ಮೇಲೆ ಆಂಟೆನಾ ಕೂರಿಸಿದ್ದ ಕಬ್ಬಿಣದ ಪಟ್ಟಿಯನ್ನು ಬಿಚ್ಚಿ, ಅದರ ಅಡಿಗೂ ಬೋಲ್ಟಿನ ತೂತಿಗೂ ಮೂರು ಕೋಟು ಬಳಿದು, ಪಟ್ಟಿಗೂ ಬಳಿದು ಮತ್ತೆ ಕೂರಿಸಿದ್ದ.

ಒಂದು ಮಧ್ಯಾಹ್ನ ಜೀಪು ಗೌಸ್ ಅವರ ಅಂಗಡಿ ಮುಂದೆ ನಿಂತಿತು. ಬಿಚ್ಚಿ ಕೂರಿಸಿದ ಆಂಟೆನಾವನ್ನು ಒಂದು ಸಲ ನೋಡಿಸಿಕೊಂಡು ಹೋಗುವ ಉದ್ದೇಶ. ಗೌಸ್ ನನ್ನನ್ನು ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಮೈಕು ಒತ್ತಿದರು. ಒಂದನೇ ಚಾನೆಲ್, ಇಪ್ಪತ್ತು, ನಲವತ್ತು. ಎಲ್ಲೆಡೆಯೂ ನಾನು ಮೂರು ದಾಟಿ ಕೆಂಪುಪಟ್ಟಿಗೆ ಹೋಗಿ ಕೂತೆ.

ಕಡ್ಡಿ ಉದ್ದವೋ ಗಿಡ್ಡವೋ ಆಗಿದ್ದರೆ ಒಂದು ಕಡೆಯಾದರೂ ಇಳಿಯುತ್ತಿತ್ತು, ಇದು ಬಾಡಿ ಅರ್ತ್, ಅಂದರೆ ಜೀಪಿನ ಕಬ್ಬಿಣದ ಮೈಯ ಸಂಪರ್ಕ, ಆಂಟೆನಾಗೆ ಸಿಗದ ಲಕ್ಷಣ, ಪಟ್ಟಿಯ ಕೆಳಗೆ ಬಣ್ಣ ಕೆರೆದು ಕಬ್ಬಿಣಕ್ಕೆ ಕಬ್ಬಿಣ ತಾಕಿಸಬೇಕು ಎಂದು ಗೌಸ್ ವಿವರಿಸಿದರು. ಜೇಬಿನಿಂದ ಸ್ಕ್ರೂಡ್ರೈವರನ್ನೂ ತೆಗೆದರು.

ಪಾಲಯ್ಯ ಮಡ್ಗಾರ್ಡಿಗೆ ಅಡ್ಡ ನಿಂತ. ಇದೇ ಕಡ್ಡಿ ಹನ್ನೊಂದು ವರ್ಷ ಮಾತಾಡಿದೆ, ಬಣ್ಣ ಒಣಗಿ ಇನ್ನೂ ವಾರವಾಗಿಲ್ಲ, ಮೀಟರಿಗೇ ವಯಸ್ಸಾಗಿರಬೇಕು ಎಂದ. ಸಾಕ್ಷಿಗೆಂದು ರೇಡಿಯೋ ಸೆಟ್ಟಿನ ದನಿ ಏರಿಸಿದ. ಗುಡ್ಡದ ಮೇಲಿಂದ ಯಾರೋ ಕೆಮ್ಮಿದ್ದು ಸಹ ಸ್ಪಷ್ಟವಾಗಿ ಕೇಳಿಸಿತು. ತಾನೂ ಕೂಗಿದ. ಐವತ್ತು ಹೆಜ್ಜೆ ಆಚೆಯ ಜೀಪ್ ಸ್ಟ್ಯಾಂಡಿನಿಂದ ಉತ್ತರ ಬಂತು.

"ನಂಗೆ ಎಲ್ಲಾರ ಮಾತೂ ಕೇಳ್ತೈತಲ್ಲ ಗೌಸಣ್ಣ."

"ನಿಂಗೆ ಕೇಳೋದಕ್ಕೂ ನಿನ್ನ ಮಾತು ಬ್ಯಾರೇರಿಗೆ ಕೇಳೋದಕ್ಕೂ ವ್ಯತ್ಯಾಸ ಐತಪ್ಪ," ಎಂದರು ಗೌಸ್. "ಮಾತು ತಿರುಗಿ ಬಂದ್ರೆ ಸೆಟ್ಟು ಸುಟ್ಟೋಗಬಾರದು ಅಂತ ತಾನೇ ದನಿ ಇಳಿಸ್ಕೊಂತೈತೆ. ಸ್ಟ್ಯಾಂಡಿಗೆ ಮುಟ್ತೈತೆ, ಗುಡ್ಡಕ್ಕೆ ಮುಟ್ಟಲ್ಲ."

ಆಗಲೇ ಗಾಳಿಯಂತ್ರದ ಕಂಪನಿಯ ಫೋನು ಬಂತು. ಮೇಲೆ ಯಂತ್ರವೊಂದು ನಿಂತಿದೆ, ಮೂರು ಡ್ರಮ್ಮು ಎಣ್ಣೆ ಈಗಲೇ ಬೇಕು. ಸಾಧಾರಣವಾಗಿ ಆ ಹೊತ್ತಿಗೆ ಪಾಲಯ್ಯ ಹತ್ತುವವನಲ್ಲ. ಅದು ನೇತ್ರಾ ಪಾಳಿ ಮುಗಿದವರನ್ನು ಇಳಿಸಿಕೊಂಡು ಬರುವ ಸಮಯ. ರೇಡಿಯೋ ಇದೆಯಲ್ಲ ಎಂದು ಅವನು ಹೊರಟೇಬಿಟ್ಟ. ಮೀಟರು, ಮೀಟರು ಎಂದು ಗೌಸ್ ಹಿಂದೆ ಓಡಿ ಬಂದರು. ಸ್ಕ್ರೂಡ್ರೈವರು ಸೀಟಿನ ಮೇಲೆ ಉಳಿಯಿತು, ನಾನು ಡ್ಯಾಶ್‌ಬೋರ್ಡಿನ ಮೇಲೆ.

ಡ್ರಮ್ಮು ಏರಿಸಿಕೊಂಡು ಬಂದು, ಒಂಟಿದಾರಿಯ ಬಾಯಲ್ಲಿ ನಿಂತು ಪಾಲಯ್ಯ ಮೈಕು ಒತ್ತಿದ. ಕೆಳಗಿಂದ ಪಾಲಯ್ಯ, ಹತ್ತುತ್ತಿದ್ದೇನೆ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿದ. ನನ್ನ ಮುಳ್ಳು ಕೆಂಪಿಗೆ ಹಾರಿತು. ಅವನು ನನ್ನ ಕಡೆ ನೋಡಲಿಲ್ಲ. ಉತ್ತರ ಬರಲಿಲ್ಲ. ನಿಯಮದಂತೆ ದಾರಿ ಖಾಲಿ. ಗೇರು ಹಾಕಿದ.

ಹಾಸುಬಂಡೆಯ ಬುಡಕ್ಕೆ ಇನ್ನು ಒಂದು ತಿರುವು ಇದ್ದಾಗ ಸೆಟ್ಟು ಕರಕರ ಎಂದು ನೇತ್ರಾಳ ದನಿ ಬಂತು. "ಮೇಲಿಂದ ನೇತ್ರಾ. ಏಳು ಜನ ಅವ್ರೆ. ಹದಿನಾಲ್ಕನೇ ಕಂಬದ ಹತ್ರ ಇದೀನಿ. ಒಂಟಿದಾರಿಯಾಗೆ ಯಾರಾದ್ರೂ ಇದೀರಾ?"

ಪಾಲಯ್ಯ ನಗುತ್ತಲೇ ಮೈಕು ಎತ್ತಿದ. ನಾನಿದ್ದೇನೆ, ಅಲ್ಲೇ ನಿಲ್ಲು ಎಂದ. ಮುಳ್ಳು ಕೆಂಪಿಗೆ ಹೋಯಿತು.

"ಯಾರೂ ಇಲ್ಲ," ಎಂದಿತು ನೇತ್ರಾಳ ದನಿ, ಜೀಪಿನಲ್ಲಿದ್ದವರಿಗೆ ಹೇಳುವಂತೆ. "ಇಳೀತಾ ಇದೀನಿ."

ಅವನ ನಗು ಹೋಯಿತು. ಮತ್ತೆ ಕೂಗಿದ. ಹೆಸರು ಹಿಡಿದು ಕೂಗಿದ. ಮೈಕಿಗೆ ತುಟಿ ತಾಗಿಸಿ ಕೂಗಿದ. ಪ್ರತಿ ಸಲವೂ ನಾನು ಕೆಂಪಿಗೆ ಹೋಗಿ ಬಂದೆ. ಎಷ್ಟು ಜೋರಾಗಿ ಕೂಗಿದರೂ ನನಗೆ ಒಂದೇ.

"ಹದಿಮೂರು ದಾಟ್ದೆ."

ಕಂಬದಿಂದ ಕಂಬಕ್ಕೆ ಹೀಗೆ ಹೇಳುತ್ತಾ ಇಳಿಯುವುದು ಅವನೇ ಕಲಿಸಿದ್ದ ಅಭ್ಯಾಸ. ಹನ್ನೊಂದು ದಾಟಿದರೆ ಹಾಸುಬಂಡೆ. ಹಾರನ್ನು ಅದುಮಿ ಹಿಡಿದ. ಮೇಲೆ ತಿರುಗುತ್ತಿದ್ದ ರೆಕ್ಕೆಗಳ ಭರಾಟೆಯಲ್ಲಿ ಅದು ಅವನ ಕಿವಿಗೇ ಸರಿಯಾಗಿ ಬೀಳಲಿಲ್ಲ. ಹಿಂದಕ್ಕೆ ತೆಗೆಯಲು ರಿವರ್ಸಿಗೆ ಹಾಕಿದ. ಎರಡು ಮೊಳ ಹೋಗುವಷ್ಟರಲ್ಲಿ ಡ್ರಮ್ಮುಗಳು ಒಂದು ಬದಿಗೆ ಸರಿದು ಹಿಂದಿನ ಚಕ್ರ ಪ್ರಪಾತದ ಅಂಚಿನ ಕಲ್ಲು ಉದುರಿಸಿತು. ನಿಲ್ಲಿಸಿದ. ಓಡಿ ಹೋಗೋಣವೆಂದರೆ ಏರು, ಮಂಡಿ ನೋವು, ಆರೇಳು ನಿಮಿಷ ಬೇಕು.

"ಹನ್ನೆರಡು ದಾಟ್ದೆ."

ಮತ್ತೆ ಮೈಕು ಒತ್ತಿದವನು ಈ ಸಲ ಏನನ್ನೂ ಹೇಳಲಿಲ್ಲ. ನನ್ನನ್ನು ನೋಡಿದ. ಒತ್ತಿದ, ಬಿಟ್ಟ, ಕೆಂಪಿಗೆ ಹೋದೆ, ಬಂದೆ. ನನ್ನ ಇಡೀ ಆಯುಷ್ಯದಲ್ಲಿ ಯಾರೂ ನನ್ನನ್ನು ಹಾಗೆ ಓದಿರಲಿಲ್ಲ.

ಸ್ಕ್ರೂಡ್ರೈವರು ಕಿತ್ತುಕೊಂಡು ಇಳಿದ. ಚಕ್ರಕ್ಕೆ ಕಲ್ಲು ಕೊಟ್ಟ. ಮಡ್ಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಣ್ಣ ಕೆರೆಯತೊಡಗಿದ. ಕಾಣದ ಅಡಿಭಾಗದಿಂದ ಶುರು ಮಾಡಿದ. ಹೌದು, ಆ ಹೊತ್ತಿನಲ್ಲೂ ಮೇಲಿನ ಬಣ್ಣದ ಆಸೆ. ಆ ಸಂದಿಯಲ್ಲಿ ಕೈ ಆಡಲಿಲ್ಲ. ಒಂದು ಕ್ಷಣ ನಿಂತ. ಆಮೇಲೆ ಎದ್ದು, ನಡುಮಧ್ಯೆ, ಎಲ್ಲರಿಗೂ ಕಾಣುವಲ್ಲಿ, ಪಟ್ಟಿಯ ಮೇಲೂ ಮಡ್ಗಾರ್ಡಿನ ಮೇಲೂ ಅಡ್ಡಡ್ಡ ಗೀಚಿದ. ಒಂದು ಕೋಟು, ಎರಡು, ಮೂರು. ಬೆಳ್ಳಗೆ ಕಬ್ಬಿಣ ಕಂಡಿತು. ಸ್ಕ್ರೂಡ್ರೈವರಿನ ಮೊನೆಯನ್ನು ಕೆರೆದ ಎರಡೂ ಜಾಗಕ್ಕೆ ತಾಗುವಂತೆ ಸಂದಿಗೆ ತುರುಕಿ ಒಂದು ಕೈಯಲ್ಲಿ ಒತ್ತಿ ಹಿಡಿದ. ಇನ್ನೊಂದು ಕೈಯಿಂದ ಮೈಕಿನ ಸುರುಳಿ ತಂತಿಯನ್ನು ಹರಿಯುವಷ್ಟು ಎಳೆದುಕೊಂಡು, ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಾ ಗುಂಡಿ ಒತ್ತಿದ.

ನಾನು ನಡುಗಿದೆ. ಮೂರರಿಂದ ಜಾರಿ, ಎರಡನ್ನು ದಾಟಿ, ಒಂದೂವರೆಯಲ್ಲಿ ನಿಂತೆ.

ಹನ್ನೊಂದು ಎಂದು ಅವಳು ಹೇಳುವ ಮೊದಲೇ ಅವನು ಮಾತಾಡಿದ.

"ನೇತ್ರಾ, ನಿಲ್ಲು. ಬಂಡೆಗೆ ಇಳೀಬ್ಯಾಡ. ಬುಡದಾಗೆ ನಾನಿದೀನಿ."

ಗುಂಡಿ ಬಿಟ್ಟ. ಸೆಟ್ಟಿನಲ್ಲಿ ಬರೀ ಗಾಳಿಯಂಥ ಸದ್ದು. ಸ್ಕ್ರೂಡ್ರೈವರು ಜಾರಿತು, ಮತ್ತೆ ತುರುಕಿದ. ತಿರುವಿನಾಚೆಯಿಂದ ನಾಲ್ಕಾರು ಜಲ್ಲಿಕಲ್ಲು ಉರುಳಿ ಬಂದು ಅವನ ಕಾಲ ಬಳಿ ನಿಂತವು. ಜಲ್ಲಿಯ ಹಿಂದೆ ಏನು ಬರುತ್ತದೆ ಎಂದು ಇಬ್ಬರೂ ನೋಡುತ್ತಿದ್ದೆವು.

"ಅಪ್ಪಾ?" ಎಂದಿತು ಸೆಟ್ಟು. "ಮುಂದಿನ ಚಕ್ರ ಬಂಡೆ ಮ್ಯಾಲೈತೆ. ನಿಂತೀನಿ." ಆಮೇಲೆ ಕೋಪದಿಂದ: "ಇಷ್ಟೊತ್ತು ಯಾಕೆ ಮಾತಾಡ್ಲಿಲ್ಲ?"

ಪಾಲಯ್ಯ ಸ್ಕ್ರೂಡ್ರೈವರನ್ನು ಇನ್ನಷ್ಟು ಒತ್ತಿ ಹಿಡಿದು ಗುಂಡಿ ಅದುಮಿದ.

"ಮಾತಾಡ್ತಾನೇ ಇದ್ದೆ ಕಣವ್ವ," ಎಂದ.

ಏಳು ಜನರೂ ಇಳಿದು ಮೇಲಿನ ಜೀಪನ್ನು ಹಿಂದಕ್ಕೆ ಎಳೆದರು. ನೇತ್ರಾ ಹನ್ನೊಂದನೇ ಕಂಬದ ಬುಡದ ತುಸು ಅಗಲ ಜಾಗದಲ್ಲಿ ಪಕ್ಕಕ್ಕೆ ಸರಿದು ಅಪ್ಪನಿಗೆ ದಾರಿ ಬಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಡ್ಗಾರ್ಡನ್ನು ಮಾತ್ರ ಅವಳು ನೋಡಿದಳು.

ಆ ವಾರವೇ ನಿಯಮ ಬದಲಾಯಿತು. ಗುಡ್ಡದ ಬುಡದಲ್ಲೂ ನೆತ್ತಿಯಲ್ಲೂ ಒಬ್ಬೊಬ್ಬರು ಸೆಟ್ಟು ಹಿಡಿದು ಕೂರುತ್ತಾರೆ. ಹೋಗು ಎಂಬ ಉತ್ತರ ಕಿವಿಗೆ ಬಿದ್ದ ಮೇಲೆಯೇ ಗೇರು. ಸ್ಟ್ಯಾಂಡಿನಲ್ಲಿ ಪಾಲಯ್ಯ ಕಥೆ ಹೇಳುವಾಗ ಗಾಳಿ ಇರುತ್ತದೆ, ಪ್ರಪಾತ ಇರುತ್ತದೆ, ಸ್ಕ್ರೂಡ್ರೈವರು ಸಹ ಇರುತ್ತದೆ. ನಾನಿರುವುದಿಲ್ಲ. ಬೇಸರವಿಲ್ಲ, ಸುಳ್ಳ ಎಂದು ಕರೆದವನೇ ನಿಜ ಹೇಳುತ್ತಿದ್ದ ಎಂದು ಒಪ್ಪುವುದು ಯಾರಿಗೂ ಸುಲಭವಲ್ಲ.

ಈಗಿನ ಸೆಟ್ಟುಗಳಿಗೆ ಮೀಟರು ಒಳಗೇ ಬರುತ್ತದೆ. ನನ್ನ ಗಾಜು ಹಳದಿಯಾಗಿದೆ. ಗೌಸ್ ಅವರ ಅಂಗಡಿಯ ಮೇಲಿನ ಹಲಗೆಯಲ್ಲಿ, ಯಾರೂ ಒಯ್ಯದ ಒಂದು ಟೇಪ್‌ರೆಕಾರ್ಡರಿನ ಪಕ್ಕ ಕೂತಿದ್ದೇನೆ. ಮಾತು ಎಷ್ಟು ಮರಳಿತು ಎಂದು ಮಾತ್ರ ಅಳೆದವನು ನಾನು. ಹೊರಟದ್ದು ಯಾರ ಕಿವಿಗೆ ಬಿತ್ತು ಎಂದು ಅಳೆಯುವ ಮೀಟರನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ಪಾಲಯ್ಯ ಸಂಜೆ ಹೊತ್ತು ಬಂದು ಕೂರುತ್ತಾನೆ. ಗೌಸ್ ಬೆಸುಗೆ ಹಾಕುತ್ತಾ ತಲೆ ತಗ್ಗಿಸಿಯೇ ಇರುತ್ತಾರೆ. ಹೊರಡುವಾಗ, "ಗೌಸಣ್ಣ, ಬರ್ತೀನಿ," ಎನ್ನುತ್ತಾನೆ. ಹೇಳಿ ಹೊರಡುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತಾನೆ. ಗೌಸ್ ಬೆಸುಗೆಕಡ್ಡಿ ಕೆಳಗಿಟ್ಟು, ಕನ್ನಡಕ ಮೇಲೆತ್ತಿ, "ಹೂಂನಪ್ಪ, ಹೋಗ್ಬಾ," ಎಂದ ಮೇಲೆಯೇ ಮೆಟ್ಟಿಲು ಇಳಿಯುತ್ತಾನೆ.