ನೀಲಿ ದೇಶದ ಮಂತ್ರಿಯ ಅತ್ತೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯವರು ಮದುವೆಯಾದ ವಾರದಿಂದ ಹೇಳುತ್ತ ಬಂದಿದ್ದಾರೆ. ಹೇಳಿಕೊಳ್ಳಲಿ. ಟೈಲರಿಂಗ್ ಅಂಗಡಿ ಇಟ್ಟುಕೊಂಡವಳಿಗೆ ಅಷ್ಟೂ ಕೋಪ ಇಲ್ಲದಿದ್ದರೆ ಗಿರಾಕಿಗಳು ತಲೆಯ ಮೇಲೆ ಹತ್ತಿ ಕೂರುತ್ತಾರೆ. ಆದರೆ ಆ ಶನಿವಾರ ಅಳಿಯ ಓದುವ ಜಾಗಕ್ಕೆ ಹೋಗಿ ನಾನು ಮಾಡಿದ ರಂಪಕ್ಕೆ ನನ್ನ ಸ್ವಭಾವ ಕಾರಣವಲ್ಲ. ಪೂರ್ತಿ ಕೇಳಿ, ಆಮೇಲೆ ತಪ್ಪು ಯಾರದು ಅಂತ ನೀವೇ ಹೇಳಿ.

ನಮ್ಮ ಅಳಿಯ ಮೊದಲು ಸೈನ್ಯದಲ್ಲಿದ್ದವರು. ಆ ಕೆಲಸ ಬಿಟ್ಟು ಈಗ ವಿಶ್ವವಿದ್ಯಾಲಯದ ಒಂದು ಕೇಂದ್ರದಲ್ಲಿ ಓದುತ್ತಿದ್ದಾರೆ. ದೇಶದ ಭದ್ರತೆ, ವಿದೇಶಾಂಗ ನೀತಿ, ಇವೆರಡೇ ಅಲ್ಲಿಯ ಪಾಠ. ಬೇರೆ ದೇಶದವರ ಹತ್ತಿರ ಹೇಗೆ ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಬಂದ ಸುದ್ದಿಯಲ್ಲಿ ಯಾವುದನ್ನು ನಂಬಬೇಕು, ಎಲ್ಲ ಕಲಿಸುತ್ತಾರಂತೆ. "ಮಾತಾಡೋದನ್ನ ಕಲಿಯೋಕೂ ಫೀಸು ಕಟ್ಬೇಕಾ?" ಎಂದು ಮಗಳನ್ನು ಕೇಳಿದ್ದೆ. "ನೀನೂ ಒಂದು ವರ್ಷ ಹೋಗಿದ್ರೆ ನಮಗೆಲ್ಲ ಒಳ್ಳೇದಾಗ್ತಿತ್ತಮ್ಮ" ಎಂದಳು ಅವಳು. ಮಾತಿನಲ್ಲಿ ನನ್ನ ಮಗಳೇ.

ಆ ಮಗಳು ಆಗ ತುಂಬು ಬಸುರಿ. ಡಾಕ್ಟರು ಕೊಟ್ಟ ತಾರೀಕಿಗೆ ಇನ್ನೂ ಎರಡು ವಾರ ಇತ್ತು. ಶನಿವಾರ ಬೆಳಗ್ಗೆ ಅಳಿಯ ಕೋಟು ಹಾಕಿಕೊಂಡು, ಇವತ್ತು ಕೇಂದ್ರದಲ್ಲಿ ದೊಡ್ಡ ಪರೀಕ್ಷೆ, ಫೋನು ತೆಗೆದಿಟ್ಟುಕೊಳ್ಳುತ್ತಾರೆ ಎಂದು ಹೇಳಿ ಹೋದರು. ನಾನು ಅಂಗಡಿ ತೆರೆದು ಒಂದು ರವಿಕೆಗೆ ಕತ್ತರಿ ಹಾಕುವಷ್ಟರಲ್ಲಿ ಮಗಳ ಫೋನು ಬಂತು. ನೋವು ಶುರುವಾಗಿತ್ತು.

ಇಲ್ಲೊಂದು ಮಾತು ಹೇಳಬೇಕು. ಇದು ಅವಳಿಗೆ ಎರಡನೆಯದು. ಮೊದಲನೆಯದು ಉಳಿಯಲಿಲ್ಲ. ಆಗ ಅಳಿಯ ಹಿಮ ಬಿದ್ದು ದಾರಿ ಮುಚ್ಚಿದ ಯಾವುದೋ ಬೆಟ್ಟದ ಮೇಲಿದ್ದರು. ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದುಕೊಂಡು ಕೂತಿದ್ದವಳು ನಾನು. ಅವರದ್ದೇನು ತಪ್ಪು ಎಂದು ಬುದ್ಧಿ ಹೇಳುತ್ತಿತ್ತು, ಹೊಟ್ಟೆಯೊಳಗಿನ ಸಂಕಟ ಕೇಳುತ್ತಿರಲಿಲ್ಲ. ಆ ವಿಷಯವನ್ನು ನಮ್ಮ ಮನೆಯ ನಾಲ್ಕು ಜನ ಬಿಟ್ಟು ಹೊರಗೆ ಯಾರಿಗೂ ಹೇಳಿಲ್ಲ.

"ಅಪ್ಪ ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ನೀನು ಅವರನ್ನ ಕರ್ಕೊಂಡು ಬಾ. ಈ ಸಲ ಅವರು ನನ್ನ ಜೊತೆ ಇರ್ಲೇಬೇಕಮ್ಮ" ಎಂದಳು ಮಗಳು. ಅಳಿಯನ ಫೋನು ಆಫ್. ಕೇಂದ್ರದ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಅಂಗಡಿಗೆ ಬೀಗ ಹಾಕಿ, ಸಿಕ್ಕಿದ ಟ್ಯಾಕ್ಸಿ ಹತ್ತಿದೆ. ಅಳತೆ ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಕೇಂದ್ರ ಇರುವುದು ಗ್ರಂಥಾಲಯದ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹೋದರೆ, ಬಾಗಿಲಲ್ಲಿ ಒಂದು ಮೇಜು ಹಾಕಿಕೊಂಡು ಕಡ್ಡಿಯಂಥ ಹುಡುಗನೊಬ್ಬ ಕೂತಿದ್ದ. ಎದೆಯ ಮೇಲೆ 'ನೀಲಿ ದೇಶ, ಬೇಹುಗಾರಿಕೆ' ಎಂದು ಚೀಟಿ. ಪಕ್ಕದ ಕಬ್ಬಿಣದ ಬೀರುವಿನಲ್ಲಿ ಎಲ್ಲರ ಫೋನುಗಳೂ ಬಂಧನದಲ್ಲಿದ್ದವು.

"ನಮ್ಮ ಅಳಿಯನ್ನ ಕರೀರಿ. ಮಗಳಿಗೆ ಹೆರಿಗೆ ನೋವು ಬಂದಿದೆ" ಎಂದೆ.

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಟೇಪಿನ ಮೇಲೆ ಕಣ್ಣು ನಿಂತಿತು. ಮುಖ ಅರಳಿತು. "ತುಂಬ ಚೆನ್ನಾಗಿದೆ ಅಮ್ಮ. ಟೇಪು ಯಾರ ಐಡಿಯಾ?"

"ಏನಪ್ಪ?"

"ಹೋದ ವರ್ಷ ಮಂತ್ರಿಯ ಹೆಂಡತಿ ಅಂತ ಒಬ್ಬರನ್ನ ಅಳಿಸಿ ಕಳಿಸಿದ್ರು. ನಂಬಿ ಮಂತ್ರಿ ಎದ್ದು ಹೋದ್ರು, ಅಷ್ಟರಲ್ಲಿ ಎದುರು ದೇಶದವರು ನಮ್ಮ ಬಂದರನ್ನೇ ಹೊಡ್ಕೊಂಡು ಬಿಟ್ರು. ಈ ವರ್ಷ ಅತ್ತೆ. ನಾವೇನು ಕಿವಿ ಮೇಲೆ ಹೂವು ಇಟ್ಕೊಂಡಿದ್ದೀವಾ?"

ಆಮೇಲೆ ಅವನೇ ಬಿಡಿಸಿ ಹೇಳಿದ. ಒಳಗೆ ನಡೆಯುತ್ತಿದ್ದದ್ದು ಒಂದು ಅಣಕು ಬಿಕ್ಕಟ್ಟು. ವಿದ್ಯಾರ್ಥಿಗಳೇ ನೀಲಿ ದೇಶ, ವಿದ್ಯಾರ್ಥಿಗಳೇ ಹಸಿರು ದೇಶ. ನಡುವೆ ಒಂದು ದ್ವೀಪ, ದ್ವೀಪದ ಮೇಲೊಂದು ದೀಪಸ್ತಂಭ, ಅದು ಯಾರದು ಎಂದು ಜಗಳ. ಪ್ರೊಫೆಸರಮ್ಮ ಮೇಲಿನ ಕೋಣೆಯಲ್ಲಿ ಕೂತು ಕ್ಯಾಮೆರಾದಲ್ಲಿ ನೋಡುತ್ತ, ನಡುನಡುವೆ ಸುಳ್ಳು ಸುದ್ದಿ, ಸುಳ್ಳು ಮನುಷ್ಯರನ್ನು ಒಳಗೆ ಬಿಡುತ್ತಾರೆ. ಮೋಸ ಹೋದರೆ ಅಂಕ ಹೋಯಿತು. ನಮ್ಮ ಅಳಿಯ ನೀಲಿ ದೇಶದ ವಿದೇಶಾಂಗ ಮಂತ್ರಿ.

"ನಿಮ್ಮ ಸುದ್ದಿಗೆ ಬೇರೆ ಕಡೆಯಿಂದ ಖಾತ್ರಿ ಬೇಕು. ಎರಡು ಮೂಲದಿಂದ ಬರದ ಸುದ್ದೀನ ನಾವು ತಗೊಳ್ಳಲ್ಲ" ಎಂದ.

"ಒಂದು ಮೂಲ ನಾನು. ಇನ್ನೊಂದು ನನ್ನ ಮಗಳ ಹೊಟ್ಟೆ. ಅದನ್ನೂ ಇಲ್ಲಿಗೆ ಹೊತ್ಕೊಂಡು ಬರ್ಬೇಕಿತ್ತಾ?"

ಅವನು ಅದನ್ನು ಬರೆದುಕೊಂಡ. ನಿಜವಾಗಿಯೂ ಬರೆದುಕೊಂಡ. "ಬೀರು ತೆಗೆದು ಅವರ ಫೋನು ನೋಡು, ನನ್ನ ಮಗಳೇ ಮಾಡಿರ್ತಾಳೆ" ಎಂದರೆ, ಕೀಲಿ ಪ್ರೊಫೆಸರ್ ಹತ್ತಿರ ಇದೆ ಎಂದ. ಪ್ರೊಫೆಸರನ್ನು ಕರಿ ಎಂದರೆ, ಆಟ ಮುಗಿಯುವವರೆಗೆ ಮೇಲೆ ಹೋಗುವ ಹಾಗಿಲ್ಲ ಎಂದ. ನನ್ನ ಫೋನಿನಿಂದ ಮಗಳಿಗೆ ಮಾಡಿ ಕೊಟ್ಟೆ. ನಮ್ಮ ಮನೆಯವರು ಫೋನು ಎತ್ತಿ, "ಅವಳನ್ನ ಒಳಗೆ ಕರ್ಕೊಂಡು ಹೋದ್ರು, ಬೇಗ ಬನ್ನಿ" ಎಂದರು. ಹುಡುಗ ಕೇಳಿಸಿಕೊಂಡು, "ಮಾವನ ಪಾತ್ರಾನೂ ಇದೆ, ಈ ಸಲ ಖರ್ಚು ಮಾಡಿದ್ದಾರೆ" ಎಂದು ಮೆಚ್ಚಿಕೊಂಡ. ನನ್ನ ಪಿತ್ತ ನೆತ್ತಿಗೇರಿತು. ಮೇಜನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ.

ಉದ್ದನೆಯ ಕೋಣೆ. ಗೋಡೆಯ ಮೇಲೆ ಎಲ್ಲೂ ಇಲ್ಲದ ಸಮುದ್ರದ ನಕ್ಷೆ. ಉದ್ದನೆಯ ಮೇಜಿನ ಈ ಕಡೆ ನೀಲಿ ಬಾವುಟ, ಆ ಕಡೆ ಹಸಿರು ಬಾವುಟ, ಎರಡಕ್ಕೂ ಅಂಚು ಹೊಲಿದಿರಲಿಲ್ಲ, ನೂಲು ಬಿಚ್ಚಿ ಜೋತಾಡುತ್ತಿತ್ತು. ದೇಶ ನಡೆಸುತ್ತಾರಂತೆ, ಒಂದು ಹೊಲಿಗೆ ಹಾಕಿಸಲಾಗಿಲ್ಲ. ಹಸಿರು ದೇಶದ ಮಂತ್ರಿ ದಪ್ಪ ಕನ್ನಡಕದ ಹುಡುಗಿ. ಅವಳ ಎದುರು ನಮ್ಮ ಅಳಿಯ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಏಳಿ. ಅವಳಿಗೆ ನೋವು ಬಂದಿದೆ. ಆಸ್ಪತ್ರೆಗೆ ಹೋಗಿದ್ದಾಳೆ" ಎಂದೆ.

ಅಳಿಯ ಒಂದು ಕ್ಷಣ ಬೆಚ್ಚಿದರು. ಆಮೇಲೆ ತುಟಿಯ ಮೂಲೆಯಲ್ಲಿ ನಗು ಬಂತು. "ಅತ್ತೆ, ಹೋದ ವಾರ ಪ್ರೊಫೆಸರ್ ಮನೆಗೆ ಫೋನ್ ಮಾಡಿ, ಮನೆಯವರು ಯಾರಾದ್ರೂ ಪಾತ್ರ ಮಾಡ್ತೀರಾ ಅಂತ ಕೇಳಿದ್ರು. ನನಗೇನು ಹುಚ್ಚಾ ಅಂತ ನೀವು ಅಷ್ಟು ಜೋರಾಗಿ ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು."

"ಅಳಿಯಂದ್ರೇ, ನಾನು ನಾಟಕ ಆಡ್ತಿಲ್ಲ."

"ಪಾತ್ರ ಮಾಡೋರು ಹಾಗೇ ಹೇಳ್ಬೇಕು" ಎಂದಳು ಕನ್ನಡಕದ ಹುಡುಗಿ, ತಣ್ಣಗೆ. "ನೀಲಿ ದೇಶಕ್ಕೆ ಬಿಡುವು ಬೇಕಿದ್ರೆ ನಮಗೆ ಅಭ್ಯಂತರ ಇಲ್ಲ. ಬದಲಿಗೆ ದೀಪಸ್ತಂಭ ಬಿಟ್ಟುಕೊಡಿ."

"ಹಸಿರು ದೇಶ ಇಷ್ಟು ಕೆಳಗೆ ಇಳೀಬಾರದಿತ್ತು" ಎಂದರು ಅಳಿಯ. ಪ್ರೊಫೆಸರಿಗೆ ಹೇಳಿ ಅತ್ತೆಯನ್ನು ಕರೆಸಿದ್ದು ಅವಳೇ ಎಂದು ಅವರ ಲೆಕ್ಕ. ಇಬ್ಬರೂ ನನ್ನ ತಲೆಯ ಮೇಲಿಂದಲೇ ಮಾತಾಡತೊಡಗಿದರು. ನಾನು ಇಬ್ಬರನ್ನೂ ಬೈದೆ. ಏನೇನು ಬೈದೆ ಎಂದು ಇಲ್ಲಿ ಹೇಳುವುದು ಬೇಡ. ಮೇಜಿನ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಕೇಳಿದ ಮೇಲೆ ನನ್ನ ಕೋಪ ಇದ್ದಕ್ಕಿದ್ದಂತೆ ಇಳಿದುಹೋಯಿತು. ಅದರ ಜಾಗದಲ್ಲಿ ಹೆದರಿಕೆ ಬಂತು. ಈ ಸಲವೂ ಇವರು ತಲುಪುವುದಿಲ್ಲ, ಮಗಳು ಬಾಗಿಲು ನೋಡುತ್ತಲೇ ಇರುತ್ತಾಳೆ ಎನಿಸಿತು. ಮೇಜು ಬಳಸಿ ಹೋಗಿ ಅಳಿಯನ ಪಕ್ಕ ಬಗ್ಗಿದೆ. ಯಾರಿಗೂ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದೆ.

"ಹೋದ ಸಲ ಅವಳು ಬಾಗಿಲು ನೋಡ್ತಾನೇ ಇದ್ಲು. ಈಗ ಬರ್ತಾರೆ, ಈಗ ಬರ್ತಾರೆ ಅಂತಿದ್ಲು. ನಿಮಗೆ ನೋವಾಗುತ್ತೆ ಅಂತ ಅವಳು ಹೇಳಿಲ್ಲ. ನಾನೂ ಹೇಳಿರ್ಲಿಲ್ಲ."

ಅಳಿಯನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಚಪ್ಪಾಳೆ ನಿಂತಿತು. ಕನ್ನಡಕದ ಹುಡುಗಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಳು. "ಇದು ನಿಜ" ಎಂದಳು. ಅದಾದ ಮೇಲೆ ಅವಳಷ್ಟು ಚುರುಕಾಗಿ ಓಡಿದವರು ಇನ್ನೊಬ್ಬರಿಲ್ಲ. "ನನ್ನ ಕಾರಿದೆ, ಕೆಳಗೇ ನಿಲ್ಸಿದ್ದೀನಿ, ಬನ್ನಿ."

ಮೆಟ್ಟಿಲಲ್ಲಿ ಪ್ರೊಫೆಸರಮ್ಮ ಎದುರಾದರು, ಬೀರುವಿನ ಕೀಲಿ ಕೈಯಲ್ಲಿ ಹಿಡಿದು ಮೇಲಿನಿಂದ ಓಡಿ ಬಂದಿದ್ದರು. "ನಿಮ್ಮನ್ನ ನನ್ನ ಸಹಾಯಕ ಕಳಿಸಿದ್ದು ಅಂದ್ಕೊಂಡೆ. ಅವನು ನಾನು ಕಳಿಸಿದ್ದು ಅಂದ್ಕೊಂಡಿದ್ದಾನೆ. ಕುರ್ಚಿ ಬಿದ್ದಾಗ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ" ಎಂದರು, ಏದುಸಿರು ಬಿಡುತ್ತ. "ನಿಮಗೆ ಪೂರ್ತಿ ಅಂಕ ಹಾಕ್ಬಿಟ್ಟಿದ್ದೆ ಅಮ್ಮ. ದಯವಿಟ್ಟು ತಪ್ಪು ತಿಳ್ಕೋಬೇಡಿ." ತಪ್ಪು ತಿಳಿದುಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ.

ಕಾರಿನಲ್ಲಿ ಹಸಿರು ದೇಶದ ಮಂತ್ರಿ ಗಾಡಿ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ, ಅಳಿಯ ಹಿಂದೆ. ಅವರ ಮೊಣಕಾಲು ಕುಣಿಯುವುದು ನನ್ನ ಸೀಟಿನ ಬೆನ್ನಿಗೆ ತಾಗುತ್ತಿತ್ತು. ಆ ಹುಡುಗಿಗೋ, ಗಾಬರಿಯಾದರೆ ಮಾತಾಡುವ ಚಾಳಿ.

"ದೀಪಸ್ತಂಭ ಇಬ್ಬರೂ ಸೇರಿ ನೋಡ್ಕೊಳ್ಳೋಣ ಅಂತ ಬೆಳಗ್ಗೆನೇ ಹೇಳ್ಬೇಕು ಅಂದ್ಕೊಂಡಿದ್ದೆ" ಎಂದಳು. "ನೀವು ಅಷ್ಟು ಬಿಗಿಯಾಗಿ ಕೂತಿದ್ರಿ, ನಾನೂ ಬಿಗಿಯಾದೆ."

"ನಾನೂ ಅದನ್ನೇ ಹೇಳ್ಬೇಕಿತ್ತು" ಎಂದರು ಅಳಿಯ, ಹಿಂದಿನಿಂದ, ಸಣ್ಣ ದನಿಯಲ್ಲಿ.

"ಮೀನು ಹಿಡಿಯೋ ಹಕ್ಕು?"

"ಅರ್ಧ ಅರ್ಧ."

"ನಿಮ್ಮ ಮೀನಿನ ಮನೆ ಹಾಳಾಗ ತಾಯಿ, ಮೊದಲು ಆ ಲಾರಿ ದಾಟು" ಎಂದೆ ನಾನು. ದಾಟಿದಳು. ಓಡಿಸುವುದರಲ್ಲಿ ಗಟ್ಟಿಗಿತ್ತಿ. ಅಷ್ಟು ಹೆದರಿಕೆಯ ನಡುವೆಯೂ ಮೂವರಿಗೂ ನಗು ಬಂತು, ನಕ್ಕೆವು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ಮನೆಯವರು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದರು. ಹೆರಿಗೆ ಕೋಣೆಯ ಬಾಗಿಲು ಅರ್ಧ ತೆಗೆದು ನರ್ಸ್ ತಲೆ ಹೊರಹಾಕಿದಳು. "ಜೊತೆಗೆ ಒಬ್ಬರು ಮಾತ್ರ ಬರಬಹುದು. ಅಮ್ಮನೋ, ಗಂಡನೋ?"

ನಾನು ಇಷ್ಟು ದೂರ ಎಳೆದುಕೊಂಡು ಬಂದ ಅಳಿಯ ಬಾಗಿಲ ಮುಂದೆ ನಿಂತುಬಿಟ್ಟರು. "ನೀವು ಹೋಗಿ ಅತ್ತೆ. ಹೋದ ಸಲ ನೀವೇ ಇದ್ರಿ. ಅವಳಿಗೆ ನಿಮ್ಮ ಕೈ ಗೊತ್ತು. ಏನಾದ್ರೂ ಆದ್ರೆ ಏನು ಮಾಡ್ಬೇಕು ಅಂತ ನನಗೆ ಗೊತ್ತಿಲ್ಲ" ಎಂದರು. ಗಡಿಯಲ್ಲಿ ಗುಂಡಿನ ನಡುವೆ ನಿಂತಿದ್ದ ಮನುಷ್ಯ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದರು.

ನನಗೂ ಒಳಗೆ ಹೋಗಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಜೀವ ಬಾಗಿಲ ಆಚೆಗೇ ಎಳೆಯುತ್ತಿತ್ತು. ಇವರನ್ನು ತಳ್ಳಿ ಒಳಗೆ ನುಗ್ಗಲು ನನ್ನ ಕಾಲು ತಯಾರಾಗಿಯೇ ಇತ್ತು. ಆದರೆ ಮಗಳು ಕರೆತರಲು ಹೇಳಿದ್ದು ಯಾರನ್ನು? "ನನಗೂ ಗೊತ್ತಿರ್ಲಿಲ್ಲ. ಸುಮ್ಮನೆ ಕೈ ಹಿಡ್ಕೊಂಡಿದ್ದೆ, ಅಷ್ಟೇ. ಹೋಗಿ" ಎಂದು ಅವರ ಬೆನ್ನಿಗೆ ಕೈಯಿಟ್ಟು ಒಳಗೆ ನೂಕಿದೆ. ಬಾಗಿಲು ಮುಚ್ಚುವ ಮೊದಲು ಮಗಳ ದನಿ ಕೇಳಿಸಿತು. "ಬಂದ್ರಾ?" ಎಂದಳು. ಅಷ್ಟೇ ಕೇಳಿಸಿದ್ದು. ಆ ಒಂದು ಮಾತಿನಲ್ಲಿದ್ದ ಸಮಾಧಾನ ನನ್ನ ಕೈ ಹಿಡಿದಾಗ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಬೆಂಚಿನ ಮೇಲೆ ನಮ್ಮ ಮನೆಯವರು, ನಾನು, ಕನ್ನಡಕದ ಹುಡುಗಿ ಸಾಲಾಗಿ ಕೂತೆವು. ಅವಳು ಹೋಗಬಹುದಿತ್ತು, ಹೋಗಲಿಲ್ಲ. ಒಳಗಿನಿಂದ ಮಗಳು ಗಂಡನನ್ನು ಬೈಯುವುದು ಕೇಳಿಸಿತು. ಬೈಗುಳ ಎಲ್ಲ ನನ್ನವೇ, ಒಂದಕ್ಷರ ಬದಲಾಗಿರಲಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು, ಬಿಡಿಸಿಕೊಳ್ಳಬೇಕೆನಿಸಲಿಲ್ಲ. ಆಮೇಲೆ ಮಗು ಅತ್ತಿತು. ಗಟ್ಟಿಯಾಗಿ, ಯಾರ ಮುಲಾಜೂ ಇಲ್ಲದೆ ಅತ್ತಿತು.

ಬಾಗಿಲು ತೆರೆದು ಅಳಿಯ ಹೊರಗೆ ಬಂದರು. ಕೋಟಿನ ತೋಳು ಮೊಣಕೈವರೆಗೆ ಒದ್ದೆ. ನನ್ನ ಮುಂದೆ ಬಂದು ನಿಂತು ಹೇಳಿದರು.

"ಇಬ್ಬರೂ ಚೆನ್ನಾಗಿದ್ದಾರೆ ಅತ್ತೆ."

ನಾನು ಅಳಿಯನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರೂ ಅತ್ತರು. ಗಂಡೋ ಹೆಣ್ಣೋ ಎಂದು ಕೇಳಲು ನನಗೂ, ಹೇಳಲು ಅವರಿಗೂ ನೆನಪೇ ಆಗಲಿಲ್ಲ.