ಗಾಜು ಒಡೆದಿಲ್ಲವಲ್ಲ

ಅಕ್ಕನ ಮನೆಯ ಗೋಡೆಗೆ ನಾನು ಗಾಜಿನ ಪಟ್ಟಿ ಅಂಟಿಸಿ ಇವತ್ತಿಗೆ ಹನ್ನೆರಡು ದಿನ. ಹನ್ನೆರಡು ದಿನವೂ ಕೆಲಸ ಬಿಟ್ಟ ತಕ್ಷಣ ಅಲ್ಲಿಗೇ ಓಡಿದ್ದೇನೆ. ಬಿರುಕಿಗೆ ಅಡ್ಡಲಾಗಿ ಅಂಟಿಸಿದ ಗಾಜು ಅದು. ಗೋಡೆ ಕೂದಲೆಳೆಯಷ್ಟು ಸರಿದರೂ ಒಡೆಯುತ್ತದೆ. ಒಡೆದಿಲ್ಲವೆಂದರೆ ಗೋಡೆ ನಿಂತಿದೆ, ನಾನೂ ಬದುಕಿದ್ದೇನೆ.

ನಾನು ನೆಲ ಕೊರೆಯುವವನು. ನೀರಿಗಲ್ಲ, ಬಿಸಿಗೆ. ಮನೆಯ ಪಕ್ಕದಲ್ಲಿ ಆಳಕ್ಕೆ ಕೊರೆದು ಪೈಪು ಇಳಿಸಿದರೆ, ಅದರೊಳಗೆ ಸುತ್ತುವ ನೀರು ಚಳಿಗಾಲದಲ್ಲಿ ಭೂಮಿಯ ಬಿಸಿಯನ್ನು ಮನೆಗೆ ತರುತ್ತದೆ, ಬೇಸಿಗೆಯಲ್ಲಿ ಮನೆಯ ಸೆಕೆಯನ್ನು ಭೂಮಿಗೆ ಬಿಟ್ಟು ಬರುತ್ತದೆ. ಅಕ್ಕನ ಮನೆಗೆ ನಾನೇ ಕೊರೆದೆ. ಸ್ವಂತ ತಮ್ಮನಿರುವಾಗ ಬೇರೆಯವರನ್ನು ಕರೆಯುವುದುಂಟೇ?

"ಬಿಳಿ ಕೆಸರು ಬಂದ್ರೆ ಅಲ್ಲಿಗೇ ನಿಲ್ಸಿ, ನಂಗೆ ಫೋನ್ ಮಾಡಿ" ಎಂದು ಇಂಜಿನಿಯರು ಹೇಳಿದ್ದರು. ಎಂಬತ್ತು ಮೀಟರಿಗೆ ಬಿಳಿ ಕೆಸರು ಬಂತು. ಇಪ್ಪತ್ತು ವರ್ಷ ಕೊರೆದವನ ಸೊಕ್ಕು ನೋಡಿ ನನ್ನದು! ಬೆರಳಲ್ಲಿ ಉಜ್ಜಿ, ಸುಣ್ಣದ ಕಲ್ಲು ಬಿಡು ಎಂದು ಇನ್ನೂ ಹತ್ತು ಮೀಟರು ಇಳಿಸಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಜ್ಜಿ ಬಡಿದುಕೊಳ್ಳುತ್ತಿದ್ದಳು, ನನ್ನ ಮಂಡೆಗೆ ಹತ್ತಿರಲಿಲ್ಲ. ಅದು ಜಿಪ್ಸಮ್ಮಿನ ಜಾತಿಯ ಕಲ್ಲು, ಹುಟ್ಟಿದಾಗಿನಿಂದ ನೀರು ಕಾಣದ್ದು. ನನ್ನ ತೂತಿನಿಂದ ಅದಕ್ಕೆ ನೀರು ಸಿಕ್ಕಿತು. ನೀರು ಕುಡಿದರೆ ಅದು ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ, ಮೇಲಿರುವ ನೆಲವನ್ನೂ ಎತ್ತುತ್ತದೆ.

ಮೊದಲು ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿ ಹಿಡಿದುಕೊಂಡಿತು. "ನಿಮ್ಮಕ್ಕ ದಿನಾ ಧಡಾರಂತ ಹಾಕ್ತಾಳೆ, ಬಾಗಿಲಿಗೂ ಸಿಟ್ಟು ಬಂದಿದೆ" ಎಂದರು ಭಾವ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕಾರಣ ಗೊತ್ತಿದ್ದವನೂ ನಾನೊಬ್ಬನೇ. ಆಮೇಲೆ ಗೋಡೆ ಬಿರುಕು ಬಿಟ್ಟಿತು, ಅಕ್ಕನ ಮಗಳು ಪುಟ್ಟಿಯ ತೊಟ್ಟಿಲ ನೇರಕ್ಕೆ.

"ಇದೇನೋ ಗಾಜು?" ಎಂದು ಅಕ್ಕ ಕೇಳಿದ್ದಳು.

"ಗೋಡೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಕಣಕ್ಕ. ಹೊಸ ಮನೆ, ಕೂರ್ತಾ ಇದೆ ಅಷ್ಟೆ."

ನಿಜ ಹೇಳಿದ್ದರೆ ನನ್ನ ಲೈಸೆನ್ಸ್ ಹೋಗುತ್ತಿತ್ತು, ಒಂಬತ್ತು ವರ್ಷ ಕಷ್ಟಪಟ್ಟು ಕಟ್ಟಿದ ಅವಳ ಮನೆಯನ್ನೂ ಖಾಲಿ ಮಾಡಿಸುತ್ತಿದ್ದರು. ಹೇಡಿ ನಾನು, ಇನ್ನೇನು? ಗಾಜು ಒಡೆದ ದಿನ ಎಲ್ಲ ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಇವತ್ತು ಕೋಣೆಯ ಬಾಗಿಲಿಗೆ ಭುಜ ಕೊಟ್ಟು ತಳ್ಳಬೇಕಾಯಿತು. ಒಳಗೆ ಹೋದವನೇ ಗೋಡೆ ನೋಡಿದೆ. ಗಾಜು ಇಡಿಯಾಗಿತ್ತು. ಅಬ್ಬಾ ಎಂದು ಕೂತೆ. ಪುಟ್ಟಿ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಳು.

ಅಕ್ಕ ಚಹಾ ತಂದಳು. "ಅಂಟು ಮುಗೀತು ಕಣೋ. ನಾಳೆ ಬರೋವಾಗ ಒಂದು ಟ್ಯೂಬ್ ತಗೊಂಡ್ಬಾ."

"ಯಾವ ಅಂಟು?"

"ನೀನೇ ಬಿಟ್ಟು ಹೋಗಿದ್ಯಲ್ಲ, ಅದೇ. ಎಂಥ ಗಾಜೋ ನಿಂದು, ಒಂದೂ ಬಾಳಿಕೆ ಬರಲ್ಲ. ಒಡೀತಾನೇ ಇರುತ್ತೆ. ಇದು ನಾಲ್ಕನೇದು, ಬೆಳಿಗ್ಗೆ ಹಚ್ಚಿದ್ದು. ಫೋಟೋ ಫ್ರೇಮಿನ ಗಾಜು, ನಿಮ್ಮ ಭಾವ ಕತ್ತರಿಸಿ ಕೊಟ್ರು. ಗೋಡೆ ಹಿಡ್ಕೊಳ್ಳೋದು ಬೇಡ್ವಾ? ನಿಂಗ್ಯಾಕೆ ತೊಂದ್ರೆ ಅಂತ ಹೇಳಿರ್ಲಿಲ್ಲ."

ಹನ್ನೆರಡು ದಿನ ನಾನು ನೋಡಿ ನೋಡಿ ಸಮಾಧಾನಪಟ್ಟುಕೊಂಡದ್ದು ಅಕ್ಕನ ಕೈಕೆಲಸವನ್ನು.

ಆಗ ಟಿಕ್ ಎಂದಿತು. ಗಾಜಿನ ಅಡ್ಡಕ್ಕೆ ಒಂದು ಗೆರೆ.

"ಥತ್, ಮತ್ತೆ ನೋಡು! ಅಂಟೂ ಇಲ್ಲ" ಎಂದಳು ಅಕ್ಕ, ಹಾಲು ಉಕ್ಕಿದಾಗ ಬೇಸರಪಡುವ ಹಾಗೆ.

ನಾನು ಪುಟ್ಟಿಯನ್ನು ಬಾಚಿಕೊಂಡೆ. "ಅಕ್ಕ, ಹೊರಗೆ ನಡಿ. ಏನೂ ತಗೋಬೇಡ. ಭಾವಂಗೂ ಕೂಗು."

"ಯಾಕೋ? ಏನಾಯ್ತೋ?"

ಬಾಗಿಲು ಮತ್ತೆ ಹಿಡಿದುಕೊಂಡಿತ್ತು. ಕಾಲಿನಿಂದ ಒದ್ದೆ. ಎರಡನೇ ಸಲಕ್ಕೆ ಬಿಟ್ಟಿತು. ಮೂವರೂ ಬೀದಿಯ ಆಚೆ ಬದಿಗೆ ಬಂದು ನಿಂತೆವು, ಪುಟ್ಟಿ ನನ್ನ ತೋಳಲ್ಲೇ ಇದ್ದಳು.

"ಆ ಗಾಜು ಗೋಡೆ ಹಿಡಿಯೋಕಲ್ಲಕ್ಕ" ಎಂದೆ. ಆಮೇಲೆ ಎಲ್ಲ ಹೇಳಿದೆ, ಬಿಳಿ ಕೆಸರು, ಹತ್ತು ಮೀಟರು, ಕಲ್ಲು, ಸುಳ್ಳು. ಭಾವ ತಮಾಷೆ ಮಾಡಲಿಲ್ಲ. ಅಕ್ಕ ತನ್ನ ಬೆರಳ ತುದಿಯಲ್ಲಿ ಒಣಗಿದ್ದ ಅಂಟನ್ನು ಕೀಳುತ್ತ ಕೊನೆಯವರೆಗೂ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಸಾಕಿತ್ತು.

ಅವಳು ಎರಡೂ ಕೈ ಚಾಚಿದಳು.

"ಕೊಡಿಲ್ಲಿ ನನ್ನ ಮಗೂನ."